ಸಿಸ್ಟರ್ ಮತ್ತು ಕೊನೆಯ ರೀಲು

ಕಳೆದ ತಿಂಗಳು ಅಂಧೇರಿಯ ಒಂದು ಲ್ಯಾಬಿನಲ್ಲಿ ರಕ್ತ ಕೊಡಲು ಕುಳಿತಿದ್ದೆ. ಅಲ್ಲಿನ ಹುಡುಗಿ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ನನ್ನ ತೋಳು ಒರೆಸಿದಳು. ಆ ವಾಸನೆ ಬಂದರೆ ಬೇರೆಯವರಿಗೆ ಆಸ್ಪತ್ರೆ ನೆನಪಾಗುತ್ತದೆ. ನನಗೆ ಸಿನಿಮಾ ನೆನಪಾಗುತ್ತದೆ. ಕತ್ತಲೆಯ ಟಾಕೀಸು, ಹುರಿದ ಶೇಂಗಾ, ತಿರುಗುವ ಫ್ಯಾನು, ಪಕ್ಕದ ಕುರ್ಚಿಯಿಂದ ಬರುವ ಸ್ಪಿರಿಟ್ ವಾಸನೆ... ಸೂಜಿ ಚುಚ್ಚಿದ್ದೂ ತಿಳಿಯಲಿಲ್ಲ. "ಅಂಕಲ್, ಹೋ ಗಯಾ" ಎಂದು ಹುಡುಗಿ ಹೇಳಿದ ಮೇಲೂ ಸ್ವಲ್ಪ ಹೊತ್ತು ಕುಳಿತೇ ಇದ್ದೆ.

ಪರೇಲಿನ ನಮ್ಮ ಚಾಳಿನಲ್ಲಿ, ಒಂದೇ ಗ್ಯಾಲರಿಗೆ ಬಾಗಿಲು ತೆರೆಯುವ ಸಾಲು ಕೋಣೆಗಳಲ್ಲಿ, ಆ ಪಕ್ಕದ ಕುರ್ಚಿಯವರನ್ನು ಎಲ್ಲರೂ ಸಿಸ್ಟರ್ ಎಂದೇ ಕರೆಯುತ್ತಿದ್ದರು. ಹತ್ತಿರದ ಆಸ್ಪತ್ರೆಯಲ್ಲಿ ನರ್ಸು. ಗದಗಿನ ಕಡೆಯವರು. ನನ್ನ ಕೋಣೆಯಿಂದ ಎರಡು ಬಾಗಿಲು ಆಚೆ ಒಬ್ಬರೇ ಇದ್ದರು. ಆಗ ನಾನು ಮಿಲ್ಲಿನ ಆಫೀಸಿನಲ್ಲಿ ಗುಮಾಸ್ತ, ಉಡುಪಿ ಕಡೆಯಿಂದ ಬಂದು ಹೆಚ್ಚು ಕಾಲವಾಗಿರಲಿಲ್ಲ. ಅವರ ಕನ್ನಡ ನನಗೆ ಅರ್ಧ ತಿಳಿಯುತ್ತಿರಲಿಲ್ಲ, ನನ್ನದು ಅವರಿಗೆ ನಗು ತರಿಸುತ್ತಿತ್ತು. ನಮ್ಮಿಬ್ಬರ ನಡುವೆ ಸರಿಯಾಗಿ ಮಾತು ಶುರುವಾದದ್ದು ಒಂದು ಇಂಗ್ಲಿಷ್ ಸಿನಿಮಾದಿಂದ.

ಆಗೆಲ್ಲ ಇಂಗ್ಲಿಷ್ ಚಿತ್ರಗಳು ಮೊದಲು ಫೋರ್ಟಿನ ಎ.ಸಿ. ಥಿಯೇಟರುಗಳಿಗೆ ಬರುತ್ತಿದ್ದವು. ಅಲ್ಲಿ ಓಡಿ, ಸುಸ್ತಾಗಿ, ಗೀರು ಬಿದ್ದ ಮೇಲೆ ನಮ್ಮ ಕಡೆಯ ಟಾಕೀಸುಗಳಿಗೆ ಭಾನುವಾರದ ಮಾರ್ನಿಂಗ್ ಶೋ ಆಗಿ ಇಳಿಯುತ್ತಿದ್ದವು. ಹಾಗೆ ಇಳಿದ ಒಂದು ಸರಣಿಗೆ ನಾವು ಮೂವರು ಮರುಳಾದೆವು. ವಾಸಕ್ಕೆ ಹೊಸ ನೆಲ ಹುಡುಕುತ್ತಾ ಒಂದು ಹಡಗು ಆಕಾಶದಲ್ಲಿ ಹೋಗುತ್ತದೆ. ಅದಕ್ಕೊಬ್ಬ ಕ್ಯಾಪ್ಟನ್. ದಾರಿ ತೋರಿಸಲು ಒಬ್ಬ ಇದ್ದಾನೆ, ಅವನ ಹೆಸರು ನಮ್ಮ ಬಾಯಿಗೆ ಒಗ್ಗಲಿಲ್ಲ, ನಕಾಶೆಯವನು ಎಂದೇ ಕರೆದೆವು. ಚಿತ್ರಗಳ ಹೆಸರೂ ಅಷ್ಟೆ. ಒಂದನೆಯದು, ಎರಡನೆಯದು, ಮೂರನೆಯದು.

ನಮ್ಮಲ್ಲಿ ಮೂರನೆಯವರು ಚಾಳಿನ ಕೆಳಗಿದ್ದ ಉಡುಪಿ ಹೋಟೆಲಿನ ಮ್ಯಾನೇಜರ್. ಭಾನುವಾರ ಬೆಳಿಗ್ಗೆ ಗಲ್ಲಾದಲ್ಲಿ ಭಾವನನ್ನು ಕೂರಿಸಿ ಟಾಕೀಸಿಗೆ ಹೊರಡುತ್ತಿದ್ದರು. ಅವರಿಗೆ ಇಂಗ್ಲಿಷ್ ಒಂದಕ್ಷರ ಬಾರದು, ಅಭಿಪ್ರಾಯಗಳಿಗೆ ಮಾತ್ರ ಬರವಿರಲಿಲ್ಲ. ಸಿಸ್ಟರ್ ರಾತ್ರಿ ಪಾಳಿ ಮುಗಿಸಿ ಬಿಳಿ ಸೀರೆಯಲ್ಲೇ ಬರುತ್ತಿದ್ದರು. ಡಾಕ್ಟರರ ಇಂಗ್ಲಿಷ್ ಕೇಳಿ ಕೇಳಿ ಅವರಿಗೆ ನನಗಿಂತ ಹೆಚ್ಚು ಅರ್ಥವಾಗುತ್ತಿತ್ತು. ಶೋ ಬಿಟ್ಟ ಮೇಲೆ ಹೋಟೆಲಿನಲ್ಲಿ ಚಹಾ, ಜೊತೆಗೆ ಜಗಳ. ಮೊದಲ ಸಲ ಮ್ಯಾನೇಜರ್ ಮರ್ಯಾದೆಯಿಂದ ಅವರನ್ನು ಫ್ಯಾಮಿಲಿ ರೂಮಿನಲ್ಲಿ ಕೂರಿಸಿ ಪರದೆ ಎಳೆದರು. ಸಿಸ್ಟರ್ ಪರದೆ ಸರಿಸಿ ಎದ್ದು ಬಂದು ಗಲ್ಲಾದ ಪಕ್ಕದ ಮೇಜಿಗೆ ಕುಳಿತರು.

"ಪರದೆ ಹಿಂದ ಕುಂತು ವಾದ ಮಾಡಾಕ ಬರಂಗಿಲ್ರಿ ಮ್ಯಾನೇಜರ್ರ" ಎಂದರು.

ಮ್ಯಾನೇಜರರಿಗೆ ಒಂದನೆಯದೇ ಶ್ರೇಷ್ಠ. ಹಡಗು ಮೇಲೇಳುವ ದೃಶ್ಯಕ್ಕೆ ಎಷ್ಟು ಹೊಗೆ ಬಿಟ್ಟಿದ್ದಾರೆ ಎನ್ನುವುದು ಅವರ ಮುಖ್ಯ ವಾದ. ನನಗೆ ಮೂರನೆಯದು, ಅದರಲ್ಲಿ ಆಕಾಶದಿಂದ ಬಂಡೆಗಳು ಬೀಳುವ ಭಾಗಕ್ಕಾಗಿ. ಆ ವಯಸ್ಸಿನಲ್ಲಿ ಬಂಡೆ ಬಿದ್ದರೆ ಸಾಕಿತ್ತು. ಸಿಸ್ಟರ್ ಮಾತ್ರ ಎರಡನೆಯದರಿಂದ ಕದಲುತ್ತಿರಲಿಲ್ಲ.

ಎರಡನೆಯದರಲ್ಲಿ ಹಡಗಿನ ಗಾಳಿ ಎಲ್ಲರ ಉಸಿರಿಗೂ ಸಾಲುವುದಿಲ್ಲ. ಕ್ಯಾಪ್ಟನ್ ನಕಾಶೆಯವನನ್ನು ಒಂದು ಕೆಂಪು ನೆಲದ ಮೇಲೆ ಬಿಟ್ಟು ಹಡಗು ಎತ್ತಿಸುತ್ತಾನೆ. ನಕಾಶೆಯವನು ತಲೆಯೆತ್ತಿ ಹಡಗು ಚುಕ್ಕಿಯಾಗುವವರೆಗೆ ನೋಡುತ್ತಾನೆ. ಆಮೇಲೆ ಪಕ್ಕದಲ್ಲಿದ್ದ ಡಬ್ಬಿ ಎತ್ತಿಕೊಂಡು ನೀರು ಹುಡುಕಿಕೊಂಡು ನಡೆಯುತ್ತಾನೆ. ಅಲ್ಲಿಗೆ ದೀಪ ಹತ್ತಿ, ಆಗೆಲ್ಲ ಆಟ ಮುಗಿದ ಮೇಲೆ ಹಾಕುತ್ತಿದ್ದ ರಾಷ್ಟ್ರಗೀತೆ ಶುರುವಾಯಿತು. ನಾವು ಎದ್ದು ನಿಂತೆವು. ಅಂಥ ಮುಕ್ತಾಯವನ್ನು ನಾವಾರೂ ಕಂಡಿರಲಿಲ್ಲ.

"ಅಂವ ಅಳಲಿಲ್ಲ ನೋಡ್ರಿ. ಒದರಲಿಲ್ಲ. ಡಬ್ಬಿ ತಗೊಂಡು ನೀರಿಗಿ ಹೋದ. ಹಂಗ ಇರಬೇಕು" ಎಂದು ಸಿಸ್ಟರ್ ಪ್ರತಿ ಸಲವೂ ಹೇಳುತ್ತಿದ್ದರು. ಹೇಳುವಾಗ ದನಿ ಏರುತ್ತಿರಲಿಲ್ಲ.

ಆ ಮಾತಿನ ಹಿಂದೆ ಏನಿದೆ ಎಂಬುದು ಚಾಳಿಗೆಲ್ಲ ಗೊತ್ತಿತ್ತು. ಅವರ ಗಂಡ, ಊರಲ್ಲಿ ಕೆಲಸ ನೋಡಿ ಕರೆಸಿಕೊಳ್ಳುತ್ತೇನೆ ಎಂದು ಅವರನ್ನು ಇಲ್ಲೇ ಬಿಟ್ಟು ಹೋದವರು ಮತ್ತೆ ಬಂದಿರಲಿಲ್ಲ. ಹೋದಾಗ ಸಿಸ್ಟರ್ ಇನ್ನೂ ತರಬೇತಿಯಲ್ಲಿದ್ದರಂತೆ. ಅವರಾಗಿ ಈ ವಿಷಯ ಎತ್ತಿದ್ದು ನಾನು ಕೇಳಿಲ್ಲ. ಕರಿಮಣಿ ಕೊರಳಲ್ಲಿತ್ತು, ಅಷ್ಟೆ.

ಮೂರನೆಯದು ಬಂದು ನಮ್ಮ ಮೇಜಿಗೆ ಬೆಂಕಿ ಬಿತ್ತು. ಸತ್ತೇ ಹೋಗಬೇಕಿದ್ದ ನಕಾಶೆಯವನು ಅದರ ಮೊದಲ ದೃಶ್ಯದಲ್ಲೇ ಹಡಗಿನೊಳಗೆ ತನ್ನ ಜಾಗದಲ್ಲಿ ಕುಳಿತಿದ್ದ! ಹೇಗೆ ಬಂದ, ಯಾರು ತಂದರು, ಒಂದು ಮಾತಿಲ್ಲ. ಹೋಗಲಿ ಎಂದರೆ ಅವನೂ ಇಡೀ ಚಿತ್ರದಲ್ಲಿ ಬಾಯಿ ಬಿಡುವುದಿಲ್ಲ. ಒಂದನೆಯದರಲ್ಲಿ ಅಷ್ಟು ಹರಟುತ್ತಿದ್ದವನು!

"ಇದು ಅವನೇ ಅಲ್ಲ ಮಾರಾಯ್ರೆ. ಆ ಕೆಂಪು ನೆಲದವರು ಮಾಡಿ ಕಳಿಸಿದ ಡುಪ್ಲಿಕೇಟು. ಮಾತು ಮಾತ್ರ ಮಾಡ್ಲಿಕ್ಕೆ ಆಗ್ಲಿಲ್ಲ ಅವರಿಗೆ" ಎಂದು ಮ್ಯಾನೇಜರ್ ತೀರ್ಪು ಕೊಟ್ಟರು.

ಮೂರನೆಯದನ್ನು ಎರಡನೆಯದಕ್ಕಿಂತ ಮೊದಲೇ ತೆಗೆದು ಆಮೇಲೆ ಬಿಡುಗಡೆ ಮಾಡಿದ್ದಾರೆ ಎಂದು ನಾನು ವಾದಿಸಿದೆ. ಸಿಸ್ಟರ್ ಇಬ್ಬರನ್ನೂ ಬದಿಗೆ ತಳ್ಳಿದರು.

"ಬರೇ ಸುಳ್ಳ. ಬಿಟ್ಟು ಹ್ವಾದವರು ಹೊಳ್ಳಿ ಬರೂದಿಲ್ಲ. ಹೀರೋ ಬೇಕಂತ ಎಳಕೊಂಡು ಬಂದು ಕುಂದ್ರಿಸ್ಯಾರ. ಇದರಷ್ಟು ಹೊಲಸು ಸಿನಿಮಾ ನಾ ನೋಡಿಲ್ಲ."

ಈ ಜಗಳ ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲಕ್ಕೆ ಎಳೆಯಿತು. ಬಡಿಸುವವರೂ ಸಾಂಬಾರ್ ಬಕೆಟ್ ಹಿಡಿದು ನಿಂತು ಪಕ್ಷ ವಹಿಸುತ್ತಿದ್ದರು. ಅಷ್ಟರಲ್ಲಿ ನಾಲ್ಕನೆಯದು ಬರಲಿದೆ ಎಂಬ ಸುದ್ದಿ ಬಂತು. ಅದಕ್ಕೆ ಮುನ್ನ ಫೋರ್ಟಿನ ಥಿಯೇಟರಿನವರು ಎರಡನೆಯದನ್ನು ಒಂದು ಭಾನುವಾರ ಬೆಳಿಗ್ಗೆ ಮತ್ತೆ ತೋರಿಸುತ್ತಾರಂತೆ. ಡುಪ್ಲಿಕೇಟಿನ ಸುಳಿವು ಅದರಲ್ಲೇ ಎಲ್ಲೋ ಇರಬೇಕು, ಹೋಗಿ ಹಿಡಿಯೋಣ ಎಂದು ಮ್ಯಾನೇಜರ್ ಹಠ ಹಿಡಿದರು.

ಆ ವಾರವೇ ಸಿಸ್ಟರ್ ಅವರ ಗಂಡ ಬಂದರು.

ಕೆಲಸದಿಂದ ಬಂದಾಗ ಗ್ಯಾಲರಿಯಲ್ಲಿ ಒಂದು ಟ್ರಂಕು, ಅದರ ಮೇಲೆ ಇಸ್ತ್ರಿ ಮಾಡಿದ ಅಂಗಿಯ ಒಬ್ಬ ಗೃಹಸ್ಥ. ಒರಟ ಎನ್ನುವ ಹಾಗಿರಲಿಲ್ಲ. ಹೆಂಗಸರೆಲ್ಲ ಸರದಿಯಲ್ಲಿ ಚಹಾ ತಂದುಕೊಡುತ್ತಿದ್ದರು. ಗಂಡನ ತಾಯಿ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ನೋಡಿಕೊಳ್ಳುವವರಿಲ್ಲ. ಸಿಸ್ಟರ್ ಕೆಲಸಕ್ಕೆ ರಾಜೀನಾಮೆ ಕೊಟ್ಟು ಊರಿಗೆ ಬರಬೇಕು. ಭಾನುವಾರ ಸಂಜೆಯ ಗಾಡಿಗೆ ಟಿಕೆಟ್ ಆಗಿದೆ. ಇದನ್ನೆಲ್ಲ ಅವರು ಚಾಳಿಗೆ ಕೇಳುವಂತೆಯೇ ಹೇಳಿದರು.

ಚಾಳು ಒಂದೇ ದನಿಯಲ್ಲಿ ಹೋಗು ಎಂದಿತು. ಬಂದರಲ್ಲ, ಇನ್ನೇನು ಬೇಕು? ಮ್ಯಾನೇಜರ್ ಕೂಡ "ಇಷ್ಟು ವರ್ಷದ ಮೇಲೆ ಹುಡುಕಿಕೊಂಡು ಬಂದದ್ದೇ ದೊಡ್ಡದಲ್ವಾ?" ಎಂದರು. ನನಗೂ ಹಾಗೇ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ. ಸಿಸ್ಟರ್ ಎಂದಿನಂತೆ ಪಾಳಿಗೆ ಹೋಗಿ ಬಂದರು. ಗಂಡನಿಗೆ ಅಡುಗೆ ಮಾಡಿ ಬಡಿಸಿದರು. ಮಲಗಲು ಮಾತ್ರ ಪಕ್ಕದ ಅಜ್ಜಿಯ ಕೋಣೆಗೆ ಹೋಗುತ್ತಿದ್ದರು.

ಭಾನುವಾರ ಬೆಳಿಗ್ಗೆ ನಾನೂ ಮ್ಯಾನೇಜರರೂ ಸದ್ದಿಲ್ಲದೆ ಮೆಟ್ಟಿಲು ಇಳಿಯುತ್ತಿದ್ದೆವು. ಹಿಂದಿನಿಂದ ಚಪ್ಪಲಿಯ ಸದ್ದು ಬಂತು.

"ಗಾಡಿ ಸಂಜಿಗೈತಿ ತಮ್ಮಾ. ಸಿನಿಮಾ ಮುಂಜಾನೆ ಐತಲ್ಲ" ಎಂದು ಸಿಸ್ಟರ್ ನಮಗಿಂತ ಮುಂದೆ ನಡೆದರು.

ಚಿತ್ರ ನಮಗೆ ಬಾಯಿಪಾಠವಿತ್ತು. ನಕಾಶೆಯವನು ಡಬ್ಬಿ ಎತ್ತಿಕೊಂಡು ನಡೆದ. ನಾವು ರಾಷ್ಟ್ರಗೀತೆಗೆ ಏಳಲು ಹೊರಟೆವು. ದೀಪ ಹತ್ತಲಿಲ್ಲ. ಪರದೆಯ ಮೇಲೆ ಮತ್ತೆ ಹಡಗು ಬಂತು! ದಾರಿ ತೋರಿಸುವವನಿಲ್ಲದೆ ಅದು ಕತ್ತಲೆಯಲ್ಲಿ ಸುತ್ತುತ್ತಾ ಇದೆ. ಕ್ಯಾಪ್ಟನ್ ನಕಾಶೆಗಳನ್ನು ತಿರುವಿ ತಿರುವಿ ಸೋಲುತ್ತಾನೆ. ಕೊನೆಗೆ ಹಡಗನ್ನು ತಿರುಗಿಸುತ್ತಾನೆ. ನಕಾಶೆಯವನು ನೀರಿನ ಪಕ್ಕ ಕುಳಿತಿದ್ದಾನೆ. ಕ್ಯಾಪ್ಟನ್ ಕೈ ಚಾಚುತ್ತಾನೆ. ಅವನು ಆ ಕೈ ಹಿಡಿಯುತ್ತಾನೆ. ಥಿಯೇಟರಿಗೆ ಥಿಯೇಟರೇ ಚಪ್ಪಾಳೆ ತಟ್ಟಿತು.

ನಮ್ಮ ಟಾಕೀಸಿನವರು ಕೊನೆಯ ರೀಲನ್ನೇ ಹಾಕಿರಲಿಲ್ಲ. ಆಮೇಲೆ ಅಲ್ಲಿನ ಗೇಟ್‌ಕೀಪರ್ ಹೋಟೆಲಿಗೆ ಬಂದಾಗ ಮ್ಯಾನೇಜರ್ ಅವನನ್ನು ತರಾಟೆಗೆ ತೆಗೆದುಕೊಂಡರು. ಅವನು ಇಡ್ಲಿ ಮುರಿಯುತ್ತಲೇ "ಲಂಬೀ ಥೀ ಸೇಠ್. ಬಾರಾ ಬಜೇ ಹಿಂದಿ ಪಿಕ್ಚರ್ ಕಾ ಪಬ್ಲಿಕ್ ಗೇಟ್ ತೋಡ್ತಾ ಹೈ" ಎಂದ. ಚಿತ್ರ ಉದ್ದವಾಯಿತು, ಹನ್ನೆರಡಕ್ಕೆ ಹಿಂದಿ ಚಿತ್ರದ ಜನ ಗೇಟು ಮುರಿಯುತ್ತಾರೆ, ಅದಕ್ಕೇ ಬಿಟ್ಟದ್ದು; ಯಾಕೆಂದು ಕೇಳಿದವರೂ ಇರಲಿಲ್ಲವಂತೆ. ಎರಡು ಮಳೆಗಾಲ ನಾವು ವಾದಿಸಿದ್ದು ನೋಡದೇ ಇದ್ದ ಒಂದು ರೀಲಿನ ಬಗ್ಗೆ.

ಆ ಭಾನುವಾರ ವಾಪಸು ಬರುವ ಲೋಕಲಿನಲ್ಲಿ ಮ್ಯಾನೇಜರ್ ತಮ್ಮ ಡುಪ್ಲಿಕೇಟನ್ನು ಕಳೆದುಕೊಂಡ ದುಃಖದಲ್ಲೂ ಖುಷಿಯಾಗಿದ್ದರು. "ಹೇಗೆ ಬಂದ ನೋಡಿ ಕ್ಯಾಪ್ಟನ್! ಬಿಟ್ಟು ಹೋದದ್ದಕ್ಕೆ ಪಶ್ಚಾತ್ತಾಪ ಆಯ್ತು ಅವನಿಗೆ" ಎನ್ನುತ್ತಾ ಸಿಸ್ಟರ್ ಕಡೆ ಅರ್ಥಗರ್ಭಿತವಾಗಿ ನೋಡಿದರು. ಸಿಸ್ಟರ್ ಕಿಟಕಿಯಾಚೆ ನೋಡುತ್ತಿದ್ದರು. ಭಾಯಖಳಾ ಸ್ಟೇಷನ್ ದಾಟುವಾಗ ಹೇಳಿದರು.

"ಪಶ್ಚಾತ್ತಾಪ ಅಂತ ಎಲ್ಲಿ ಅಂದ್ನರಿ ಅಂವ? ದಾರಿ ಸಿಗಲಿಲ್ಲ. ನಕಾಶಿ ಓದಾವ ಬೇಕಾಗಿದ್ದ. ಅದಕ್ಕ ಬಂದ."

"ಹಾಗಾದ್ರೆ ನಕಾಶೆಯವನು ಅವನ ಕೈ ಯಾಕೆ ಹಿಡ್ದ?" ಎಂದರು ಮ್ಯಾನೇಜರ್.

"ಅಂವ ಕೈ ಹಿಡಕೊಂಡ. ಹಡಗಿನ್ಯಾಗ ಇನ್ನೂ ಮಂದಿ ಇದ್ರಲ್ಲ, ಅದಕ್ಕ ಹಿಡಕೊಂಡ. ಆದ್ರ ಮೂರನೇದ್ರಾಗ ಒಂದ್ ಮಾತರ ಆಡ್ಯಾನೇನ್ರಿ? ನಾವು ಕುಂತು ಬೈದ್ವಿ, ಇಂವಗ ಆ್ಯಕ್ಟಿಂಗ ಬರೂದಿಲ್ಲ ಅಂತ." ಕಿಟಕಿಯಿಂದ ನನ್ನ ಕಡೆ ತಿರುಗಿ, "ಮೂರನೇದ ಎಲ್ಲಾಕ್ಕಿಂತ ಚಲೋ ಐತಿ ತಮ್ಮಾ" ಎಂದರು.

ಅಷ್ಟು ದಿನ ನಾನೇ ಎತ್ತಿ ಹಿಡಿದಿದ್ದ ಚಿತ್ರ. ಗೆದ್ದೆ ಎಂದು ನನಗೆ ಅನ್ನಿಸಲಿಲ್ಲ.

ಚಾಳಿಗೆ ಬಂದರೆ ಗ್ಯಾಲರಿಯಲ್ಲಿ ಟ್ರಂಕು ತಯಾರಾಗಿತ್ತು. ಅಕ್ಕಪಕ್ಕದವರೆಲ್ಲ ಬೀಳ್ಕೊಡಲು ನಿಂತಿದ್ದರು. ಗಂಡ ಕೈಗಡಿಯಾರ ನೋಡಿದರು. ಸಿಸ್ಟರ್ ಬಾಗಿಲ ಬಳಿ ಚಪ್ಪಲಿ ಬಿಟ್ಟು ಸಹಜವಾಗಿ ಹೇಳಿದರು.

"ನೀವು ನಡೀರಿ, ಗಾಡಿ ತಪ್ಪೀತು. ರಜಾ ಹಾಕಿ ನಾ ಬುಧವಾರ ಬರ್ತೀನಿ. ಅತ್ತಿಯವರನ್ನ ಇಲ್ಲಿಗಿ ಕರಕೊಂಡ ಬರ್ತೀನಿ. ನಮ್ಮ ವಾರ್ಡಿನ್ಯಾಗ ಬೆಡ್ ಕೊಡಸ್ತೀನಿ. ಆಮ್ಯಾಲ ನನ್ನ ಕಡೇನ ಇರ್ತಾರ."

ಗಂಡನಿಗೆ ತಕ್ಷಣ ಅರ್ಥವಾಗಲಿಲ್ಲ. ನಮಗೂ ಆಗಲಿಲ್ಲ.

"ಮತ್ತ ನಾನು?" ಎಂದರು ಅವರು.

"ನಿಮಗೇನಾಗೈತ್ರಿ? ಆರಾಮ ಅದೀರಲ್ಲ."

ಬೇರೆಯವರು ಹೇಳಿದ್ದರೆ ಅದು ಚುಚ್ಚುಮಾತಾಗುತ್ತಿತ್ತು. ಸಿಸ್ಟರ್ ಡಿಸ್ಚಾರ್ಜ್ ಆಗುವ ಪೇಷಂಟಿಗೆ ಹೇಳುವಷ್ಟು ಸಮಾಧಾನದಿಂದ ಹೇಳಿದರು. ಗಂಡ ಟ್ರಂಕು ಎತ್ತಿಕೊಂಡು ಇಳಿದು ಹೋದರು.

ಹೇಳಿದಂತೆ ಅತ್ತೆಯನ್ನು ಕರೆತಂದರು. ಆಸ್ಪತ್ರೆಯಲ್ಲಿ ಸ್ವಲ್ಪ ಕಾಲವಿದ್ದು ಮುದುಕಿ ಚಾಳಿಗೆ ಬಂದಳು. ಅರ್ಧ ದೇಹ ಸತ್ತಿತ್ತು, ನಾಲಿಗೆ ಮಾತ್ರ ಪೂರ್ತಿ ಬದುಕಿತ್ತು. ದಿನವಿಡೀ ಸೊಸೆಯನ್ನು ಬೈಯುವುದು ಇಡೀ ಗ್ಯಾಲರಿಗೆ ಕೇಳುತ್ತಿತ್ತು. ಸಿಸ್ಟರ್ ಮೈ ಒರೆಸಿ, ಮಗ್ಗುಲು ಬದಲಿಸಿ, ಗಂಜಿ ಕುಡಿಸಿ ಪಾಳಿಗೆ ಹೋಗುತ್ತಿದ್ದರು. ಅವರಿಲ್ಲದಾಗ ಪಕ್ಕದ ಅಜ್ಜಿ ನೋಡಿಕೊಳ್ಳುತ್ತಿದ್ದಳು. ಭಾನುವಾರದ ಸಿನಿಮಾ ನಿಂತಿತು. ನಾಲ್ಕನೆಯದನ್ನು ನಾನೂ ಮ್ಯಾನೇಜರರೂ ನೋಡಿ ಬಂದು, ಗ್ಯಾಲರಿಯಲ್ಲಿ ನಿಂತು ಅವರಿಗೆ ಕಥೆ ಹೇಳಿದೆವು. ಅವರು ಮುದುಕಿಯ ಬಟ್ಟೆ ಹಿಂಡುತ್ತಾ ಕೇಳಿದರು. ಹೊಗೆಯ ಬಗ್ಗೆ, ಹೊಸ ಹಡಗಿನ ಬಗ್ಗೆ ಏನೂ ವಿಚಾರಿಸಲಿಲ್ಲ.

"ನಕಾಶಿಯಾಂವ ಅದಾನೇನು ಇದರಾಗ?"

ಇಲ್ಲ, ಅವನನ್ನು ಕೈಬಿಟ್ಟಿದ್ದಾರೆ, ಬೇರೆ ಯಾರೋ ದಾರಿ ತೋರಿಸುತ್ತಾರೆ ಎಂದೆ.

"ಚಲೋ ಆತು ಬಿಡು" ಎಂದು ಬಟ್ಟೆ ಕೊಡವಿ ಹಗ್ಗಕ್ಕೆ ಹಾಕಿದರು.

ಅತ್ತೆ ಸತ್ತಾಗ ಗಂಡ ಬಂದು ಕ್ರಿಯೆ ಮುಗಿಸಿ ಹೋದರಂತೆ. ಅಷ್ಟರಲ್ಲಿ ನಾನು ಮದುವೆಯಾಗಿ ಅಂಧೇರಿಗೆ ಬಂದಿದ್ದೆ. ಮೊದಮೊದಲು ಭಾನುವಾರ ಹೋಗಿ ಬರುತ್ತಿದ್ದೆ, ಆಮೇಲೆ ದೀಪಾವಳಿಗೆ, ಆಮೇಲೆ... ಪರೇಲ್ ಏನು ದೂರವೇ? ಮ್ಯಾನೇಜರ್ ತೀರಿಕೊಂಡರು. ಚಾಳು ಹೋಗಿ ಗಾಜಿನ ಕಟ್ಟಡ ಬಂತು.

ಲ್ಯಾಬಿನಿಂದ ಬಂದ ಮೇಲೆ ಮನಸ್ಸು ತಡೆಯದೆ ಚಾಳಿನ ಹಳೆಯ ನೆರೆಯವರೊಬ್ಬರ ನಂಬರ್ ಹುಡುಕಿ ಫೋನ್ ಮಾಡಿದೆ. ಸಿಸ್ಟರ್ ತೀರಿಹೋಗಿ ಮೂರು ವರ್ಷವಾಯಿತಂತೆ. ಹತ್ತಿರ ಯಾರಿದ್ದರು ಎಂದು ಕೇಳಿದೆ. ಅವರ ಕೈಕೆಳಗೆ ಕಲಿತ ನರ್ಸುಗಳು ಕೊನೆಯವರೆಗೂ ಪಾಳಿ ಹಾಕಿಕೊಂಡು ನೋಡಿಕೊಂಡರಂತೆ. ಕೇಳಿ ಸಮಾಧಾನವಾಯಿತು. ನನಗೆ ಇಷ್ಟು ತಡವಾಗಿ ತಿಳಿಯಿತಲ್ಲ ಎಂದು ದುಃಖವೂ ಆಯಿತು.

ಈಗ ಆ ಚಿತ್ರಗಳೆಲ್ಲ ಮೊಬೈಲಿನಲ್ಲೇ ಸಿಗುತ್ತವೆ, ಒಂದು ರೀಲೂ ಬಿಡದೆ. ಕೆಳಗೆ ಊರೂರಿನ ಜನ ಬರೆದುಕೊಂಡು ಜಗಳವಾಡುತ್ತಾರೆ. ಬಹುಮಂದಿಗೆ ಎರಡನೆಯದೇ ಶ್ರೇಷ್ಠ, ಕ್ಯಾಪ್ಟನ್ ಕೈ ಚಾಚುವ ದೃಶ್ಯಕ್ಕೆ ಕಣ್ಣೀರು ಬಂತಂತೆ. ಮೂರನೆಯದನ್ನು ಎಲ್ಲರೂ ಬೈಯುತ್ತಾರೆ, ನಕಾಶೆಯವನು ಮಾತೇ ಆಡುವುದಿಲ್ಲವೆಂದು. ಒಂದು ಮಧ್ಯಾಹ್ನ ಕುಳಿತು ಅಷ್ಟನ್ನೂ ಓದಿದೆ. ಕ್ಯಾಪ್ಟನ್ ಯಾಕೆ ತಿರುಗಿ ಬಂದ ಎಂದು ಅವರಲ್ಲಿ ಒಬ್ಬರೂ ಕೇಳಿಲ್ಲ.