ಪಕ್ಕದ ಮನೆಯ ಸೈಕಲ್ ಸವಾರ

ಕಳೆದ ವಾರ ಲಂಡನ್ನಿನ ರೇನರ್ಸ್ ಲೇನ್‌ನ ಕಿರಾಣಿ ಅಂಗಡಿಯಲ್ಲಿ ಯಾರದೋ ಕೈ ತಗುಲಿ ನೋವಿನ ಎಣ್ಣೆಯ ಬಾಟಲಿ ಒಡೆಯಿತು. ಆ ಘಾಟಿಗೆ ತೊಂಬತ್ತರ ದಶಕದ ಕೊನೆಯ ನಮ್ಮ ಗ್ರೀನ್‌ಫರ್ಡ್ ಮನೆ ಕಣ್ಣಿಗೆ ಕಟ್ಟಿತು... ಪಕ್ಕದ ಮನೆಯವನು ಚಳಿಗಾಲದಲ್ಲಿ ಕಾಲಿಗೆ ತಿಕ್ಕಿಕೊಳ್ಳುತ್ತಿದ್ದ ಎಣ್ಣೆಗೂ ಇದೇ ವಾಸನೆ.

ಸೈಕಲ್ ರೇಸೇ ಅವನ ವೃತ್ತಿ. ಬೇಸಿಗೆಯಲ್ಲಿ ಬೆಲ್ಜಿಯಂ, ಫ್ರಾನ್ಸ್ ರಸ್ತೆಗಳಲ್ಲಿ ತಂಡದ ನಾಯಕ ದಣಿಯದಿರಲೆಂದು ಅವನ ಮುಂದೆ ಗಾಳಿಗೆ ಎದೆಯೊಡ್ಡಿ ಓಡಿಸುವುದು. ಅಲ್ಲಿ ಅವನ ಹೆಸರು ಯಾರಿಗೂ ಬೇಕಿರಲಿಲ್ಲ. ಚಳಿಗಾಲದ ಸೈಕ್ಲೊ-ಕ್ರಾಸ್ ಮಾತ್ರ ಅವನದೇ. ಪಾರ್ಕಿನ ಕೆಸರಿನಲ್ಲಿ ಸುತ್ತು ಹಾಕುವುದು, ಕಡಿದಾದ ಏರು ಬಂದರೆ ಸೈಕಲ್ಲನ್ನು ಹೆಗಲಿಗೇರಿಸಿ ಓಡುವುದು. "ಸೈಕಲ್ಲೇ ಇವನ ಮ್ಯಾಲೆ ಹತ್ತಿ ಕುಂತೈತಲ್ಲ," ಎಂದು ಧಾರವಾಡ ಕಡೆಯವರಾದ ನನ್ನ ಯಜಮಾನರು ನಗುತ್ತಿದ್ದರು.

ಒಂದು ಅಕ್ಟೋಬರ್ ಮಧ್ಯಾಹ್ನ ಅವನು ಗೇಟಿನ ಬಳಿ ಕುಸಿದುಬಿದ್ದ. ಓಡಿಹೋಗಿ ನಾಡಿ ಹಿಡಿದೆ. ಒಂದು ಬಡಿತ, ಎರಡು, ಆಮೇಲೆ ಏನೂ ಇಲ್ಲ, ಮತ್ತೆ ಒಟ್ಟಿಗೆ ನಾಲ್ಕು... ನಾನು ಡಾಕ್ಟರಾಗಿದ್ದ ಆಸ್ಪತ್ರೆಗೇ ಸೇರಿಸಿದೆ. ಹೃದಯದ ಗೋಡೆ ದಪ್ಪವಾಗಿದೆ, ರೇಸ್ ನಿಲ್ಲಿಸಬೇಕು ಎಂದರು ತಜ್ಞರು.

ಮನೆಗೆ ಬಂದ ಮೇಲೆ ಒಂದು ದಿನ ನಮ್ಮ ಅಡುಗೆಮನೆಯಲ್ಲಿ ಬಂದು ಕೂತ. ತಂಡದವರಿಗೆ ಇನ್ನೂ ಹೇಳಿರಲಿಲ್ಲ. ಇದೊಂದು ಚಳಿಗಾಲ ಓಡಿಸಿ ಬಿಟ್ಟುಬಿಡುತ್ತೇನೆ, ಇಷ್ಟು ವರ್ಷದಲ್ಲಿ ಈ ಸಲವೇ ಗೆಲ್ಲುವ ಕಸುವು ಬಂದಿದೆ ಎಂದ.

"ಡಾಕ್ಟರ್, ನಾನು ನಿಮ್ಮ ತಮ್ಮನಾಗಿದ್ದರೆ ಏನು ಹೇಳ್ತಿದ್ದಿರಿ?"

"ಸೈಕಲ್ ಇಳಿ ಅಂತಿದ್ದೆ," ಎಂದೆ.

ಚಹಾ ಮುಗಿಸಿ, ಕಪ್ಪು ತೊಳೆದಿಟ್ಟು ಹೋದ. ಮನೆಗೆ ಹೋದವನೇ ತಂಡಕ್ಕೆ ಫೋನ್ ಮಾಡಿದನಂತೆ.

ಜನವರಿಯ ರೇಸಿಗೆ ಅವನೇ ನನ್ನನ್ನು ಕರೆದೊಯ್ದ. ಅವನ ಜಾಗದಲ್ಲಿ ಬೇರೊಬ್ಬ ಸವಾರನಿದ್ದ. ಸುತ್ತು ಸುತ್ತಿಗೂ ಆತ ಕೆಸರು ಮೆತ್ತಿದ ಸೈಕಲ್ ಬಿಸಾಕಿ, ತೊಳೆದಿಟ್ಟದ್ದನ್ನು ಹತ್ತಿಕೊಂಡು ಹೋಗುತ್ತಿದ್ದ. ತೊಳೆಯುವವನು ಇವನು. ತಣ್ಣೀರಿಗೆ ಕೈಗಳು ಕೆಂಪಾಗಿ ಊದಿದ್ದವು. ಆ ಸವಾರ ಗೆದ್ದ. ಎಲ್ಲರೂ ಅತ್ತ ಓಡಿದರು. ಇವನು ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತ.

"ನೀವು ನನ್ನ ಜೀವ ಉಳಿಸಿದಿರಿ, ಗೊತ್ತು," ಎಂದ. "ಥ್ಯಾಂಕ್ಸ್ ಹೇಳೋಕೆ ಮಾತ್ರ ಇನ್ನೂ ಆಗ್ತಿಲ್ಲ."

ಕೆಲವು ವರ್ಷಗಳ ಮೇಲೆ ಮದುವೆಯಾಗಿ ಲಂಡನ್ ಬಿಟ್ಟ. ಕ್ರಿಸ್‌ಮಸ್ ಕಾರ್ಡ್ ಬರುತ್ತಿತ್ತು, ಆಮೇಲೆ ಅದೂ ನಿಂತಿತು...

ಅಂಗಡಿಯಿಂದ ಬಂದವಳು ಹಳೆಯ ಡೈರಿಯಲ್ಲಿ ನಂಬರು ಹುಡುಕಿದೆ. ಅವನ ಹೆಂಡತಿ ಫೋನ್ ಎತ್ತಿದಳು. ಹೋದ ವರ್ಷವೇ ತೀರಿಕೊಂಡನಂತೆ. ಹೃದಯದಿಂದಲ್ಲ, ಕ್ಯಾನ್ಸರ್. ಟೀವಿಯಲ್ಲಿ ಸೈಕಲ್ ರೇಸ್ ಬಂದರೆ ಕೊನೆತನಕವೂ ಎದ್ದು ಹೊರಗೆ ಹೋಗಿಬಿಡುತ್ತಿದ್ದನಂತೆ.

ಅಂದು ಬಿಟ್ಟಿದ್ದಕ್ಕೇ ಇಷ್ಟು ವರ್ಷ ಬಾಳಿದನಲ್ಲ ಎಂದು ಆಕೆಗೆ ಸಮಾಧಾನ ಹೇಳಬೇಕೆಂದುಕೊಂಡೆ. ಅದನ್ನು ಬಿಟ್ಟು, ಆಕೆಯ ವಿಳಾಸ ಬರೆದುಕೊಂಡು ಫೋನ್ ಇಟ್ಟೆ.