ಕೀಲಿ ನನ್ನ ಜೇಬಿನಲ್ಲೇ ಇತ್ತು

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಕ್ಕವನು ನಾನು. ಗಾಡಿಯ ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿಕೊಂಡು ಬರುವ ಡ್ರೈವರುಗಳಿಗೆ, "ನಿಂಬೆಹಣ್ಣು ಶರಬತ್ತಿಗೆ ಇಟ್ಕೊಳಪ್ಪಾ, ಬ್ರೇಕ್ ಮಾತ್ರ ನನ್ನ ಹತ್ರ ತೋರಿಸು" ಎಂದು ಕಿಚಾಯಿಸುತ್ತಿದ್ದೆ. ಕಬ್ಬಿಣಕ್ಕೆ ಕಬ್ಬಿಣದ್ದೇ ಕಾರಣ ಇರುತ್ತದೆ, ಹುಡುಕುವ ತಾಳ್ಮೆ ಬೇಕಷ್ಟೆ ಎಂದು ನಂಬಿದ್ದವನಿಗೆ ಏಳು ವರ್ಷದ ಹಿಂದೆ ನಡೆದದ್ದನ್ನು ಬರೆಯಲು ನಾಚಿಕೆಯೇ ಆಗುತ್ತದೆ. ನೀವು ನಗಬಹುದು. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಆಗ ನಾನು ಹಲಸೂರಿನಲ್ಲಿ ರಫೀಕ್ ಭಾಯ್ ಅವರ ಗ್ಯಾರೇಜಿನಲ್ಲಿ ಹಿರಿಯ ಮೆಕ್ಯಾನಿಕ್. ಎಲ್ಲರಿಗೂ ನಾನು ಮೇಸ್ತ್ರಿ. ಗಲ್ಲಿಯ ಕೊನೆಯಲ್ಲಿ ತಗಡಿನ ಶೆಡ್ಡು, ಅದಕ್ಕೊಂದು ಶೆಟರ್, ಒಳಗೆ ಬಸ್ಸುಗಳ ಕೆಳಗಿಳಿದು ಕೆಲಸ ಮಾಡಲು ಆಳೆತ್ತರದ ಗುಂಡಿ. ಪಕ್ಕದಲ್ಲಿ ಗ್ರಿಲ್ ಮಾಡುವವರ ಅಂಗಡಿ. ಅವರ ಕಟಿಂಗ್ ಮೆಷಿನ್ ಶುರುವಾದರೆ ನಾವು ಕೈಸನ್ನೆಯಲ್ಲೇ ಮಾತಾಡಬೇಕು.

ನಮ್ಮಲ್ಲಿಗೆ ಬರುತ್ತಿದ್ದ ಗಾಡಿಗಳಲ್ಲಿ ಒಂದು ಹಳದಿ ಸ್ಕೂಲ್ ಬಸ್ಸು. ಅದರ ಡ್ರೈವರ್ ಮುನಿರಾಜು, ಕೆ.ಆರ್. ಪುರದವನು, ಗಟ್ಟಿ ಗಂಟಲಿನ ಒಳ್ಳೆಯ ಮನುಷ್ಯ. ಆ ಬಸ್ಸಿನ ಒಂದೊಂದು ಚಕ್ರಕ್ಕೂ ಎಂಟು ನಟ್ಟು, ಅದರಲ್ಲಿ ಎರಡು ಲಾಕ್ ನಟ್ಟು. ಈ ಲಾಕ್ ನಟ್ಟಿಗೆ ಮಾಮೂಲಿ ಸ್ಪ್ಯಾನರ್ ಕೂರುವುದಿಲ್ಲ. ಅದರ ತಲೆಯ ಮೇಲಿನ ಹಲ್ಲುಗಳಿಗೆ ಹೊಂದುವ ಬೇರೆಯದೇ ಕೀಲಿ ಬೇಕು. ಆ ನಟ್ಟು ಸರಿಯಾಗಿ ಕೂತರೆ ಕಳ್ಳ ಟೈರ್ ಬಿಚ್ಚಲಾರ, ಓಡುವ ಗಾಡಿಯ ಅದುರಿಗೂ ಸಡಿಲವಾಗುವುದಿಲ್ಲ. ನಡುರಸ್ತೆಯಲ್ಲಿ ಚಕ್ರ ಕಳಚಿ ಓಡಿದ್ದನ್ನು ಕಂಡವರಿಗೆ ಅದರ ಬೆಲೆ ಗೊತ್ತು. ಆ ಬಸ್ಸಿಗೆ ಇದ್ದದ್ದು ಒಂದೇ ಕೀಲಿ. ಕೆಲಸದ ದಿನ ಅದು ನನ್ನ ಪ್ಯಾಂಟಿನ ಜೇಬು ಬಿಟ್ಟು ಬೇರೆಲ್ಲೂ ಇರುತ್ತಿರಲಿಲ್ಲ.

ಅಂದು ಶುಕ್ರವಾರ. ಶುಕ್ರವಾರ ನಮ್ಮಲ್ಲಿ ಒಂದು ಕೆಟ್ಟ ಅಭ್ಯಾಸವಿತ್ತು. ಭಾಯ್ ಮತ್ತು ಉಳಿದಿಬ್ಬರು ಮೆಕ್ಯಾನಿಕ್‌ಗಳು ನಮಾಜಿಗೆ ಹೊರಡುವ ಮೊದಲು ಗಾಡಿಗೆ ಮಾಡಿದ ಕೆಲಸದ ಪಟ್ಟಿಯಿರುವ ಎಲ್ಲ ಜಾಬ್ ಕಾರ್ಡುಗಳಿಗೂ ಸಹಿ ಆಗಿಬಿಡಬೇಕು. ಕೆಲಸ ಮುಗಿದಿರಲಿ, ಮುಗಿಯದಿರಲಿ, "ಹೆಂಗೂ ಮಾಡ್ತೀವಲ್ಲ" ಎಂದು ಗೀಚುತ್ತಿದ್ದೆವು. ಹೊರಗೆ ಗಲ್ಲಿಯಲ್ಲಿ ನಿಲ್ಲಿಸಿದ್ದ ಸ್ಕೂಲ್ ಬಸ್ಸಿನ ಎಡಗಡೆಯ ಹಿಂದಿನ ಚಕ್ರದ ಬ್ರೇಕ್ ಕೆಲಸ ಮುಗಿಸಿ, ಚಕ್ರ ಕೂರಿಸಿ, ನಟ್ಟುಗಳನ್ನು ಬೆರಳಲ್ಲಿ ತಿರುಗಿಸಿ, ಜಾಕ್ ಇಳಿಸಿದ್ದೆ. ಅಷ್ಟರಲ್ಲಿ ಭಾಯ್ ಕೂಗಿದರು. ಹೋಗಿ ಸಹಿ ಮಾಡಿದೆ. 'ಎಲ್ಲ ಚಕ್ರ ಬಿಗಿ ಮಾಡಿದೆ' ಎಂಬ ಸಾಲಿನ ಎದುರಿಗೂ ಟಿಕ್ ಹಾಕಿದೆ. ಹಾಕಿದ ಮೇಲೆ ನನ್ನ ತಲೆಯಲ್ಲಿ ಆ ಕೆಲಸ ಮುಗಿದೇ ಹೋಯಿತು.

ಗುಂಡಿಯ ಮೇಲೆ ಒಂದು ಕಂಪನಿಯ ಸ್ಟಾಫ್ ಬಸ್ಸು ನಿಂತಿತ್ತು. ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳ ಮೇಲೆ ಕೂರುವ ಜಾತಿಯದು. ಎಲ್ಲೋ ಗಾಳಿ ಸೋರುತ್ತಿತ್ತು, ನೋಡಿಬಿಡೋಣ ಎಂದು ಇಳಿದೆ. ಗಿರಾಕಿಗಳು ಬಂದು ತಲೆ ತಿನ್ನದಿರಲಿ ಎಂದು ಶೆಟರ್ ಎಳೆದು ಹೋಗಲು ನಾನೇ ಹೇಳಿದ್ದೆ. ನಮಾಜ್ ಮುಗಿಸಿ ಅವರು ಫ್ರೇಜರ್ ಟೌನಿನಲ್ಲಿ ಯಾರದೋ ಮದುವೆಯ ಊಟಕ್ಕೆ ಹೋಗುವವರಿದ್ದರು. ಬರುವುದು ಮೂರೂವರೆ ಆಗುತ್ತದೆ ಎಂದಿದ್ದರು. ನನ್ನ ಫೋನು ಮೇಜಿನ ಮೇಲೆ ಚಾರ್ಜಿಗಿತ್ತು.

ಬಸ್ಸಿನ ಮೈಗೆ ಕಬ್ಬಿಣದ ಸ್ಟ್ಯಾಂಡ್ ಕೊಟ್ಟು ಇಳಿಯಬೇಕಿತ್ತು. ಐದು ನಿಮಿಷದ ಕೆಲಸಕ್ಕೆ ಯಾಕೆ ಎಂದು ಬಿಟ್ಟೆ. ಪೈಪನ್ನು ಸ್ವಲ್ಪ ಅಲುಗಾಡಿಸಿದ್ದೇ ತಡ, ಗಾಳಿ ಒಮ್ಮೆಲೇ ಹೊರಟುಹೋಗಿ ಇಡೀ ಬಸ್ಸು ಕೂತುಬಿಟ್ಟಿತು. ಗುಂಡಿ ಆಳವಿದ್ದುದರಿಂದ ತಲೆ ಉಳಿಯಿತು. ಆದರೆ ಬಸ್ಸಿನ ಅಂಚಿಗೂ ನೆಲಕ್ಕೂ ನಡುವೆ ಸುತ್ತಲೂ ಒಂದು ಗೇಣು ಜಾಗವೂ ಉಳಿಯಲಿಲ್ಲ. ಮೆಟ್ಟಿಲಿದ್ದದ್ದು ಬಸ್ಸಿನ ಬಾಲದ ಕೆಳಗೆ. ಕೈ ಹೊರಗೆ ಹಾಕಬಹುದಿತ್ತು, ತಲೆ ಹೋಗುತ್ತಿರಲಿಲ್ಲ.

ಮೊದಲು ಸಿಟ್ಟು ಬಂತು. ನನ್ನನ್ನೇ ಬೈದುಕೊಂಡು ಡೀಸೆಲ್ ವಾಸನೆಯಲ್ಲಿ ಕೂತೆ. ಮೂರೂವರೆಯವರೆಗೆ ತಾನೇ ಎಂದು ಸಮಾಧಾನ ಮಾಡಿಕೊಂಡೆ. ಕಾಲು ಚಾಚಲು ಹೋದಾಗ ಜೇಬಿನಲ್ಲಿದ್ದ ಕೀಲಿ ತೊಡೆಗೆ ಒತ್ತಿತು. ಆಗಲೇ ನೆನಪಾಯಿತು. ಹೊರಗೆ ನಿಂತಿರುವ ಸ್ಕೂಲ್ ಬಸ್ಸಿನ ಆ ಚಕ್ರದ ಎಂಟು ನಟ್ಟುಗಳೂ ಬೆರಳಲ್ಲಿ ತಿರುಗಿಸಿದಷ್ಟೇ ಇವೆ. ಎರಡೂಕಾಲಿಗೆ ಮುನಿರಾಜು ಬಂದು, ತನ್ನ ಹತ್ತಿರವಿರುವ ಇಂಜಿನ್ ಚಾವಿ ಹಾಕಿ, ಸೀದಾ ಕುಕ್ ಟೌನಿನ ಶಾಲೆಗೆ ಹೋಗುತ್ತಾನೆ. ಅಲ್ಲಿ ಮೂವತ್ತು ಚಿಲ್ಲರೆ ಮಕ್ಕಳು ಹತ್ತುತ್ತಾರೆ.

ಕೂಗಿದೆ. ಸ್ಪ್ಯಾನರಿನಿಂದ ಬಸ್ಸಿನ ತಳ ಬಡಿದೆ. ಪಕ್ಕದ ಕಟಿಂಗ್ ಮೆಷಿನ್ ನಿಲ್ಲಲೇ ಇಲ್ಲ. ಬೆನ್ನು ಕೊಟ್ಟು ಬಸ್ಸನ್ನೇ ಎತ್ತಲು ನೋಡಿದೆ. ಟನ್ನುಗಟ್ಟಲೆ ಭಾರವನ್ನು ಮನುಷ್ಯ ಎತ್ತಲಾರ ಎಂದು ನನಗೆ ಗೊತ್ತಿರಲಿಲ್ಲವೇ? ಆದರೂ ಎತ್ತಿದೆ. ಅಂಚಿನ ಸಂದಿಯಲ್ಲಿ ತಲೆ ತೂರಿಸಲು ಹೋಗಿ ಕಿವಿ ತರಚಿಕೊಂಡೆ. ಗುಂಡಿಯ ಬಲ್ಬಿನ ಶಾಖಕ್ಕೆ ಉಸಿರು ಕಟ್ಟುತ್ತಿತ್ತು.

ಆಮೇಲೆ ಆ ಸದ್ದನ್ನೂ ಮೀರಿ ಮುನಿರಾಜುವಿನ ಗಟ್ಟಿ ದನಿ ಕೇಳಿಸಿತು. ಶೆಟರಿನ ಆಚೆ, ಬಸ್ಸಿನ ಹತ್ತಿರ.

"ಆಯ್ತಾ ಮೇಸ್ತ್ರೀ? ಹೋಗ್ಲಾ?"

ಗಂಟಲು ಹರಿಯುವ ಹಾಗೆ "ಬೇಡ, ಹೋಗ್ಬೇಡ ಕಣೋ!" ಎಂದು ಅರಚಿದೆ. ಅವನು "ಸರಿ, ಬರ್ತೀನಿ" ಎಂದ. ಬಸ್ಸು ಸ್ಟಾರ್ಟ್ ಆಯಿತು. ಗಲ್ಲಿಯ ತಿರುವಿನಲ್ಲಿ ಹಾರ್ನ್ ಮಾಡಿತು. ಹೋಯಿತು.

ಮುಂದಿನ ಒಂದೂವರೆ ಗಂಟೆಯನ್ನು ನಾನು ಬಣ್ಣಿಸಲಾರೆ. ಬಸ್ಸು ಈಗ ಎಲ್ಲಿರಬಹುದು ಎಂದು ಮನಸ್ಸಿನಲ್ಲೇ ಓಡಿಸುತ್ತಿದ್ದೆ. ಶಾಲೆ ಬಿಟ್ಟಿತು, ಬೈಯಪ್ಪನಹಳ್ಳಿ ದಾಟಿತು, ಟಿನ್ ಫ್ಯಾಕ್ಟರಿ ಹತ್ತಿರ ಲಾರಿಗಳ ಮಧ್ಯೆ ಸಿಕ್ಕಿಕೊಂಡಿತು. ಪ್ರತಿ ಸಲವೂ ಚಕ್ರ ಬೇರೆ ಬೇರೆ ಜಾಗದಲ್ಲಿ ಕಳಚುತ್ತಿತ್ತು.

ನಾಲ್ಕಕ್ಕೆ ಸ್ವಲ್ಪ ಮುಂಚೆ ಶೆಟರ್ ಎದ್ದಿತು. "ಅರೆ ಅಲ್ಲಾ! ಏನ್ರೀ ಮೇಸ್ತ್ರಿ ಇದು!" ಎಂದು ಭಾಯ್ ಹೌಹಾರಿದರು. ಜಾಕ್ ಕೊಟ್ಟು ಬಸ್ಸನ್ನು ಎತ್ತಿ ನನ್ನನ್ನು ಎಳೆದುಕೊಂಡರು. ಯಾರಿಗೂ ಏನೂ ಹೇಳದೆ ಮುನಿರಾಜುವಿಗೆ ಫೋನ್ ಮಾಡಿದೆ. ಗಾಡಿ ಓಡಿಸುವಾಗ ಅವನು ಫೋನ್ ಎತ್ತುವವನಲ್ಲ. ಬೈಕ್ ಹತ್ತಿದೆ. ಹಳೆ ಮದ್ರಾಸ್ ರೋಡಿನ ಉದ್ದಕ್ಕೂ ರಸ್ತೆಯ ಅಂಚು ನೋಡುತ್ತಾ ಹೋದೆ. ಎಲ್ಲಾದರೂ ಜನ ಗುಂಪುಗೂಡಿದ್ದರೆ ಬೈಕ್ ನಿಧಾನ ಮಾಡಿ ಇಣುಕುತ್ತಿದ್ದೆ. ತೂಗುಸೇತುವೆಯ ಹತ್ತಿರ ಟ್ರಾಫಿಕ್ಕಿನಲ್ಲಿ ಮುಂದೂ ಇಲ್ಲ ಹಿಂದೂ ಇಲ್ಲದೆ ನಿಂತಾಗ ಮತ್ತೆ ಗುಂಡಿಗೇ ಬಿದ್ದ ಹಾಗಿತ್ತು.

ಕೆ.ಆರ್. ಪುರದಲ್ಲಿ, ಅವನು ಯಾವಾಗಲೂ ನಿಲ್ಲಿಸುವ ಜಾಗದಲ್ಲಿ, ಬಸ್ಸು ನಿಂತಿತ್ತು. ಮಕ್ಕಳೆಲ್ಲ ಇಳಿದಾಗಿತ್ತು. ಮುನಿರಾಜು ಟೀ ಕುಡಿಯುತ್ತಿದ್ದ. ಅವನನ್ನು ಮಾತಾಡಿಸದೆ ಚಕ್ರದ ಹತ್ತಿರ ಹೋಗಿ ಕೂತು, ಬಸ್ಸಿನ ಸ್ಪ್ಯಾನರ್ ತೆಗೆದುಕೊಂಡು ಒಂದೊಂದೇ ನಟ್ಟು ನೋಡಿದೆ. ಆರೂ ಬಿಗಿಯಾಗಿದ್ದವು. ಜೇಬಿನಿಂದ ಕೀಲಿ ತೆಗೆದು ಲಾಕ್ ನಟ್ಟಿಗೆ ಕೂರಿಸಿ ಮೈಭಾರವನ್ನೆಲ್ಲ ಹಾಕಿದೆ. ಎರಡೂ ಕೂದಲೆಳೆಯಷ್ಟೂ ಅಲುಗಲಿಲ್ಲ.

"ಇದನ್ನ ಯಾರು ಟೈಟ್ ಮಾಡಿದ್ದು?" ಎಂದೆ.

ಮುನಿರಾಜು ನಕ್ಕ. "ಏನ್ ಮೇಸ್ತ್ರೀ ಹಿಂಗ್ ಕೇಳ್ತೀರಾ? ನೀವೇ ಮಾಡಿದ್ರಲ್ಲ, ನನ್ನ ಮುಂದೇನೇ! ನಾನು ಗ್ಯಾರೇಜಿಗೆ ಬಂದಾಗ ಈ ಚಕ್ರದ ಹತ್ರಾನೇ ಕುಕ್ಕರಗಾಲಲ್ಲಿ ಕೂತಿದ್ರಿ. ಆಯ್ತಾ ಅಂದೆ, ನಟ್ಟು ತಿರುಗಿಸ್ತಾನೇ ಇದ್ರಿ. ಹೋಗ್ಲಾ ಅಂದೆ, ತಲೆ ಆಡಿಸಿದ್ರಿ."

ಆಮೇಲೆ ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಬೆಳಿಗ್ಗೆ ನಾನೇ ಬಿಗಿದು ಮರೆತಿರಬಹುದೇ? ಮುನಿರಾಜು ಬೇರೆ ದಿನದ್ದನ್ನು ಅಂದಿಗೆ ಸೇರಿಸಿ ಹೇಳಿರಬಹುದೇ? ಯಾವನೋ ಪುಣ್ಯಾತ್ಮ ದಾರಿಯಲ್ಲಿ ಹೋಗುತ್ತಾ ಬಿಗಿದಿರಬಹುದು ಎನ್ನೋಣವೆಂದರೆ, ಇದ್ದ ಒಂದೇ ಕೀಲಿ ನನ್ನೊಂದಿಗೆ ಗುಂಡಿಯೊಳಗಿತ್ತು. ನಾನೇ ಮರೆತೆ ಎಂದು ಒಪ್ಪಿಕೊಳ್ಳಲು ಇವತ್ತಿಗೂ ನಾನು ಸಿದ್ಧ. ನನ್ನ ನೆನಪು ಅಷ್ಟೇನೂ ಘನವಾದದ್ದಲ್ಲ.

ಹಾಗೆ ಒಪ್ಪಿಕೊಂಡೇ ಬಿಡುತ್ತಿದ್ದೆ. ಆದರೆ ನಾನು ಬೈಕ್ ಹತ್ತುವಾಗ ಮುನಿರಾಜು ಹತ್ತಿರ ಬಂದು, ಎಂದೂ ಇಳಿಸದ ದನಿ ಇಳಿಸಿ ಕೇಳಿದ: "ಕೇಳ್ಬಾರ್ದು ಅಂತಿದ್ದೆ. ಮನೇಲಿ ಏನಾದ್ರೂ ತೊಂದ್ರೇನಾ ಮೇಸ್ತ್ರೀ? ನಟ್ಟು ಬಿಗಿಯೋವಾಗ ಅಷ್ಟೊಂದು ಅಳ್ತಿದ್ರಲ್ಲ."

ಕಣ್ಣಿಗೆ ಧೂಳು ಬಿದ್ದಿತ್ತು ಎಂದು ಹೇಳಿ ಹೊರಟುಬಿಟ್ಟೆ.

ನಿಮಗೂ ಇಲ್ಲಿಯವರೆಗೆ ನಾನು ಹೇಳದ ಒಂದು ಮಾತಿದೆ. ಕೂಗಿ ಕೂಗಿ ಸಾಕಾಗಿ, ಮುನಿರಾಜು ಇನ್ನೇನು ಬರುತ್ತಾನೆ ಎನ್ನುವ ಹೊತ್ತಿಗೆ, ಗುಂಡಿಯ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಎಣ್ಣೆ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು, ನಾನು ಚಿಕ್ಕ ಮಗುವಿನಂತೆ ಅತ್ತಿದ್ದೆ. ಅದನ್ನು ಭಾಯ್‌ಗೆ ಹೇಳಿಲ್ಲ, ನನ್ನ ಹೆಂಡತಿಗೂ ಹೇಳಿಲ್ಲ. ಮೇಲೆ ಬಸ್ಸಿತ್ತು, ಸುತ್ತ ಗೋಡೆಯಿತ್ತು, ಶೆಟರ್ ಮುಚ್ಚಿತ್ತು. ಆ ಅಳುವನ್ನು ಮುನಿರಾಜು ಎಲ್ಲಿ ನೋಡಿದ ಎನ್ನುವುದು ಮಾತ್ರ ನನಗೆ ಇನ್ನೂ ತಿಳಿದಿಲ್ಲ.