ಬಾಕ್ಸರ್ ಜೊಕಿಮನ ಅಕ್ಟೋಬರ್

ನಮ್ಮ ಪಕ್ಕದ ಮನೆಯ ಜೊಕಿಮ್ ಪಿಂಟೊನಿಗೆ ಏನು ಉದ್ಯೋಗ ಎಂದು ಕೇಳುವವರಿಗೆ ಉತ್ತರ ಕೊಡುವುದು ನಮ್ಮ ಮನೆಯಲ್ಲಿ ಒಂದು ಕಷ್ಟದ ಕೆಲಸವಾಗಿತ್ತು. ಕೊಡಿಯಾಲ್‌ಬೈಲಿನ ನಮ್ಮ ಓಣಿಯಲ್ಲಿ ವಕೀಲರಿದ್ದರು, ಮಾಸ್ತರರಿದ್ದರು, ಬ್ಯಾಂಕಿನವರಂತೂ ಬೇಲಿಗೊಬ್ಬರಂತೆ ಇದ್ದರು. ಬಾಕ್ಸರ್ ಆಗಿದ್ದವನು ಜೊಕಿಮ್ ಒಬ್ಬನೇ. ಒಮ್ಮೆ ನನ್ನ ಹೆಂಡತಿ ಉಮಾವತಿಯ ಚಿಕ್ಕಮ್ಮ ಬಂದವರು, ಗೋಡೆಯಾಚೆ ಅಂಗಳದಲ್ಲಿ ಹಗ್ಗ ಹಾರುತ್ತಿದ್ದ ನಲ್ವತ್ತರ ಹತ್ತಿರದ ಗಂಡಸನ್ನು ಕಂಡು ಗಾಬರಿಯಾದರು.

"ಆ ಪೊರ್ಬುಗಳಿಗೆ ಎಂತ ಕೆಲಸ?" ಎಂದರು. ಕ್ರಿಶ್ಚಿಯನ್ ಗಂಡಸರಿಗೆ ನಮ್ಮಲ್ಲಿ ಪೊರ್ಬುಗಳು ಎನ್ನುತ್ತಾರೆ.

"ಪೆಟ್ಟಿನ ಕೆಲಸ" ಎಂದಳು ಉಮಾವತಿ.

"ಅದಕ್ಕೆ ಸಂಬಳ ಉಂಟಾ?"

"ಉಂಟು. ಕೊಟ್ಟರೆ ಜಾಸ್ತಿ, ತಿಂದರೆ ಕಡಿಮೆ."

ಜೊಕಿಮ್ ಎಳೆಯ ವಯಸ್ಸಿನಲ್ಲಿ ಬೊಂಬಾಯಿಗೆ ಹೋಗಿ, ಹಡಗುಕಟ್ಟೆಯಲ್ಲಿ ಮೂಟೆ ಹೊರುತ್ತ, ಸಂಜೆ ಹೊತ್ತು ಗ್ಲೌಸು ಕಟ್ಟುವುದನ್ನು ಕಲಿತವನು. ಆಮೇಲೆ ಬೊಂಬಾಯಿ, ಮದರಾಸು, ಕೊಚ್ಚಿ ಎಂದು ಟಿಕೇಟು ಇಟ್ಟು ನಡೆಸುವ ಪಂದ್ಯಗಳಲ್ಲಿ ಹೊಡೆದಾಡಿಯೇ ಮನೆ ನಡೆಸಿದ. ಮದುವೆಯಾದ ಮೇಲೆ ಊರಿಗೆ ಬಂದು ನಿಂತ. ಹೆಂಡತಿ ಮಟಿಲ್ಡಾ ಆಸ್ಪತ್ರೆಯಲ್ಲಿ ನರ್ಸು. ತಾಯಿ ಆಗ್ನೆಸ್‌ಬಾಯಿ ಇಗರ್ಜಿಗೂ ಕೋಳಿಗೂಡಿಗೂ ಸಮಾನವಾಗಿ ಮೀಸಲಾದವರು. ಮಕ್ಕಳಿರಲಿಲ್ಲ.

ಹೆದರಿಕೆಯ ವಿಷಯದಲ್ಲಿ ನಾನು ಪಳಗಿದ ಮನುಷ್ಯ. ನಾಯಿಗೆ ಹೆದರುತ್ತೇನೆ, ಸಿಡಿಲಿಗೆ ಹೆದರುತ್ತೇನೆ, ನನ್ನ ಕಛೇರಿಯ ಮ್ಯಾನೇಜರರ ಕೆಮ್ಮಿಗೂ ಹೆದರುತ್ತೇನೆ. ಪತ್ರಿಕೆಗಳಿಗೆ ನಗೆಬರಹ ಬರೆಯುವುದೂ ಹೆದರಿಕೆಯಿಂದಲೇ. ಗಂಭೀರವಾಗಿ ಬರೆದರೆ ಜನ ನಕ್ಕಾರು ಎಂಬ ಹೆದರಿಕೆ. ಹೀಗಿರುವ ನನಗೆ ಹೆದರಿಕೆ ಕಂಡರೆ ಗುರುತು ಸಿಗಬೇಕಿತ್ತು. ಆದರೆ ಎಂಬತ್ತೊಂದರ ಅಕ್ಟೋಬರಿನಲ್ಲಿ ಅದು ಜೊಕಿಮನ ಮನೆಗೆ ಬಂದು ಕೂತಾಗ, ನಮಗೆಲ್ಲ ಅದು ಭಕ್ತಿಯಾಗಿ ಕಂಡಿತು.

ಆ ತಿಂಗಳ ಕೊನೆಯ ಭಾನುವಾರ ಜೊಕಿಮನ ಪಂದ್ಯ ಗೊತ್ತಾಗಿತ್ತು. ನಡೆಸುವವರು ಬಂದರಿನ ಮರದ ವ್ಯಾಪಾರಿ ರವೂಫ್ ಸಾಹೇಬರು. ಎದುರಾಳಿ ವಾಲ್ಟರ್ ಎಂಬವನು. ಮೂಲ ನಮ್ಮೂರಿನವನೇ, ಬೊಂಬಾಯಿಯಲ್ಲಿ ಬೆಳೆದವನು, ಜೊಕಿಮ್ ಮೊದಲ ಪಂದ್ಯ ಆಡಿದಾಗ ತೊಟ್ಟಿಲಲ್ಲಿದ್ದವನು. ಪೇಟೆಯ ನಡುವಿನ ಹಂಪನಕಟ್ಟೆಯ ಗೋಡೆಗಳ ಮೇಲೆಲ್ಲ ಇಬ್ಬರ ಚಿತ್ರ ಅಂಟಿತ್ತು. ಟೈಮ್‌ಕೀಪರ್ ನಾನು. ಅದಕ್ಕೆ ನನ್ನ ಯೋಗ್ಯತೆ ಏನೆಂದರೆ, ಮಸ್ಕತ್ತಿನಿಂದ ಭಾವ ತಂದುಕೊಟ್ಟ ಸೆಕೆಂಡಿನ ಮುಳ್ಳಿರುವ ಗಡಿಯಾರ.

"ಶೆಟ್ರೇ, ನೀವು ಗಂಟೆ ಹೊಡೆದ್ರೆ ಸಾಕು, ಬೇರೆ ಎಂತ ಹೊಡೀಲಿಕ್ಕೂ ನಿಮ್ಮಿಂದ ಆಗುದಿಲ್ಲ ಅಂತ ನಂಗೊತ್ತುಂಟು" ಎಂದಿದ್ದರು ರವೂಫ್ ಸಾಹೇಬರು.

ಇನ್ನು ತೇರ್ಸಿನ ವಿಷಯ. ಕ್ರಿಶ್ಚಿಯನರ ಮನೆಗಳಲ್ಲಿ ಸಂಜೆ ಎಲ್ಲರೂ ಮೊಣಕಾಲೂರಿ ಜಪಮಾಲೆ ಹಿಡಿದು ಮಾಡುವ ಪ್ರಾರ್ಥನೆ ಅದು. ಒಬ್ಬರು ಹೇಳಿಸುತ್ತಾರೆ, ಉಳಿದವರು ಉತ್ತರಿಸುತ್ತಾರೆ. ಮೇರಿ ಮಾತೆಗೆ ನಮಿಸುವ 'ನಮಾನ್ ಮೊರಿಯೆ' ಹತ್ತು ಸಲ ಆದರೆ ಒಂದು ಕಟ್ಟು, ಅಂಥ ಐದು ಕಟ್ಟು, ಆಮೇಲೆ ಆ ಮಾತೆಯ ನಾಮಾವಳಿ, ಅಲ್ಲಿಗೆ ಮುಗಿಯಿತು. ನನಗೆ ಕೊಂಕಣಿ ಬರುವುದಿಲ್ಲ. ಆದರೂ ವರ್ಷಗಟ್ಟಲೆ ಗೋಡೆಯ ಈಚೆ ಕೂತು ಕೇಳಿ ಇಡೀ ತೇರ್ಸ್ ನನಗೆ ಬಾಯಿಪಾಠವಾಗಿತ್ತು. ಜೊಕಿಮನ ನಾಮಾವಳಿ ಸುರುವಾದರೆ ಉಮಾವತಿ ಒಲೆಯ ಮೇಲೆ ಸಾರು ಬಿಸಿಗಿಡುತ್ತಿದ್ದಳು; ಅದು ಮುಗಿಯುವಾಗ ನನ್ನೆದುರು ಬಾಳೆಲೆ. ನಮ್ಮ ಮನೆಯ ಊಟ ಆ ಮನೆಯ ದೇವರ ಕೈಯಲ್ಲಿತ್ತು.

ಆ ಅಕ್ಟೋಬರಿನಲ್ಲಿ ಊಟ ತಡವಾಗತೊಡಗಿತು.

"ಎಂತ, ಇನ್ನೂ ಮುಗಿಲಿಲ್ವಾ ಅವರದ್ದು?" ಎಂದು ನಾನು ಅಡುಗೆಮನೆಗೆ ಇಣುಕುವುದು, "ಸಾರು ಎರಡು ಸಲ ಕುದಿದಾಯ್ತು" ಎಂದು ಉಮಾವತಿ ಸಿಡುಕುವುದು. ಆಗ್ನೆಸ್‌ಬಾಯಿಯನ್ನು ಬಾವಿಕಟ್ಟೆಯಲ್ಲಿ ಕೇಳಿದರೆ ಮುದುಕಿಯ ಮುಖ ಅರಳಿತು. ಅಕ್ಟೋಬರ್ ಅವರಿಗೆ ಜಪಮಾಲೆಯ ತಿಂಗಳಂತೆ. "ನನ್ನ ಮಗ ಈಗ ಭಾರಿ ಭಕ್ತಿವಂತ ಆಗಿದ್ದಾನೆ. ಒಂದೊಂದು ಕಟ್ಟು ಎರಡೆರಡು ಸಲ ಹೇಳಿಸ್ತಾನೆ. ಮೊಣಕಾಲು ನೋಯ್ತದೆ, ಆದ್ರೆ ಹೇಳಿಸುವವನನ್ನು ನಡುವಲ್ಲಿ ನಿಲ್ಲಿಸ್ಲಿಕ್ಕೆ ಉಂಟಾ? ಪಾಪ ಅಲ್ವಾ?" ಮಟಿಲ್ಡಾಗೆ ಆ ತಿಂಗಳು ಸಂಜೆಯ ಡ್ಯೂಟಿ. ಹಾಗಾಗಿ ಈ ಭಕ್ತಿಗೆ ಸಾಕ್ಷಿ ತಾಯಿಯೊಬ್ಬಳೇ. ಗೋಡೆಯ ಈಚೆ ಹಸಿದ ನಾನು.

ಒಂದು ಸಂಜೆ ಮೂರನೆಯ ಕಟ್ಟು ಸುರುವಾದದ್ದು ಮುಗಿಯಲೇ ಇಲ್ಲ. ನಮಾನ್ ಮೊರಿಯೆ, ನಮಾನ್ ಮೊರಿಯೆ, ನಮಾನ್ ಮೊರಿಯೆ. ಅಂಗಾಲಿಗೆ ಮುಳ್ಳು ಹೊಕ್ಕವನು ಒಂಟಿಕಾಲಿನಲ್ಲಿ ಸುತ್ತುವಂತೆ ಆ ಧ್ವನಿ ಅಲ್ಲಲ್ಲೇ ಸುತ್ತುತ್ತಿತ್ತು. ಮುದುಕಿಯ ಉತ್ತರ ಸಣ್ಣದಾಗುತ್ತ ಬಂತು. ಕಡೆಗೆ ಅವನೇ ನಿಲ್ಲಿಸಿದ, ನಾಮಾವಳಿಯನ್ನೂ ಹೇಳದೆ.

ಮರುದಿನ ಬೆಳಿಗ್ಗೆ ಗೋಡೆಯ ಬಳಿ ನಾನು ನನ್ನ ಎಂದಿನ ಹಲ್ಲುಕಿರಿತದಲ್ಲಿ, "ಎಂತ ಮಾರಾಯ, ಇಡೀ ವರ್ಷದ್ದು ಒಂದೇ ದಿನ ಹೇಳಿ ಮುಗಿಸುವ ಅಂದಾಜಾ?" ಎಂದೆ.

ಜೊಕಿಮ್ ನಗಲಿಲ್ಲ. ಗೋಡೆಯ ಮೇಲಿದ್ದ ನನ್ನ ಕೈಯ ಮೇಲೆ ತನ್ನ ಕೈಯಿಟ್ಟ.

"ನಿಂಗೆ ಗೊತ್ತಾಯ್ತಾ?"

"ಎಂತ?"

"ಮಣಿ ಬೆರಳಲ್ಲಿ ಇರ್ತದೆ ಮೋಹನ. ಇದನ್ನು ಹೇಳಿ ಆಯ್ತಾ, ಇನ್ನು ಹೇಳ್ಬೇಕಾ, ಅದೇ ಗೊತ್ತಾಗುದಿಲ್ಲ. ಮುಂದೆ ಹೋಗ್ಲಿಕ್ಕೆ ಹೆದ್ರಿಕೆ ಆಗ್ತದೆ. ಅದಕ್ಕೆ ಪುನಃ ಹೇಳ್ತೇನೆ."

ಆಮೇಲೆ ಒಂದೊಂದಾಗಿ ಹೊರಬಂತು. ಮಾರ್ಚಿನಲ್ಲಿ ಕೊಚ್ಚಿಯ ಪಂದ್ಯದಲ್ಲಿ ಕಿವಿಯ ಹಿಂದೆ ಪೆಟ್ಟು ಬಿದ್ದಿತ್ತಂತೆ. ಪಂದ್ಯ ಗೆದ್ದದ್ದರಿಂದ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹೋದ ವಾರ ಹಂಪನಕಟ್ಟೆಯಲ್ಲಿ ನಿಂತವನಿಗೆ ಮನೆ ಯಾವ ಕಡೆ ಎಂಬುದು ಹೊಳೆಯಲಿಲ್ಲ. ನಡೆದು ಬರುವಷ್ಟು ಹತ್ತಿರದ ಮನೆಗೆ ಬಸ್ಸು ಹತ್ತಿದ. ಊರಂಚಿನ ಪಡೀಲಿನಲ್ಲಿ ಕಂಡಕ್ಟರ್ ಇಳಿಸಿ, "ಎಲ್ಲಿಗೆ ಹೋಗ್ಬೇಕಿತ್ತು ನಿಮ್ಗೆ?" ಎಂದಾಗ, ಅಲ್ಲಿನ ಗೋಡೆಗೂ ಅಂಟಿದ್ದ ಪಂದ್ಯದ ಪೋಸ್ಟರಿನಲ್ಲಿ ತನ್ನದೇ ಮುಖವನ್ನು ನೋಡುತ್ತ ನಿಂತಿದ್ದನಂತೆ.

"ಮಟಿಲ್ಡಾಗೆ ಹೇಳಿದ್ದೀಯಾ?"

"ಅವಳು ನರ್ಸು ಮಾರಾಯ. ಅವಳ ವಾರ್ಡಿನಲ್ಲಿ ಒಬ್ಬ ಇದ್ದಾನಂತೆ, ಚಮಚ ನೋಡಿ ಇದೆಂತ ಅಂತ ಕೇಳ್ತಾನಂತೆ. ಅವಳು ಬಂದು ನಗಾಡ್ತಾ ಹೇಳಿದ್ಲು. ನಂಗೆ ಆ ದಿನ ಊಟ ಸೇರ್ಲಿಲ್ಲ."

"ಹಾಗಾದ್ರೆ ಬಿಟ್ಟುಬಿಡು. ಪಂದ್ಯ ಬೇಡ."

"ಪಂದ್ಯ ಬಿಟ್ರೆ ಊರಿಡೀ ಎಂತ ಹೇಳ್ತದೆ? ಜೊಕಿಮನಿಗೆ ಪೋಡಿಗೆ, ವಾಲ್ಟರಿಗೆ ಹೆದ್ರಿದ ಅಂತ ಹೇಳ್ತದೆ. ಇದೊಂದು ಆಡ್ತೇನೆ. ಇದು ಮುಗಿದ ಕೂಡ್ಲೇ ಬಿಡ್ತೇನೆ."

ಇದೊಂದು ಎಂದು ಅವನು ಹೇಳುವುದನ್ನು ನಾನು ಮೊದಲೂ ಕೇಳಿದ್ದೆ. ಕೊಚ್ಚಿಯದ್ದೂ ಇದೊಂದೇ ಆಗಿತ್ತು. ಕಡೆಗೆ ಒಂದು ಒಪ್ಪಂದವಾಯಿತು, ಅವನೇ ಹೇಳಿದ್ದು. ಪಂದ್ಯದ ಮುಂಚಿನ ದಿನ, ಶನಿವಾರ ಸಂಜೆ, ತೇರ್ಸ್ ಹೇಳಿಸುತ್ತೇನೆ, ನೀನು ಈಚೆ ಕೂತು ಲೆಕ್ಕ ಇಡು. ತಪ್ಪಿಲ್ಲದೆ ಮುಗಿದರೆ ಆಡುವುದು. ತಪ್ಪಿದರೆ ಗ್ಲೌಸು ತೆಗೆದಿಡುವುದು, ಜನ ಏನು ಬೇಕಾದರೂ ಹೇಳಲಿ.

"ನಿಂಗೆ ನಮ್ಮ ದೇವರ ಮೇಲೆ ಪಕ್ಷಪಾತ ಇಲ್ಲ. ನೀನು ಹೇಳಿದ್ದನ್ನು ನಂಬ್ತೇನೆ" ಎಂದ.

ಶನಿವಾರ ಸಂಜೆ ಗೋಡೆಯ ಬುಡದಲ್ಲಿ ನಾನೂ ಉಮಾವತಿಯೂ ಕೂತೆವು. ನನ್ನ ತಲೆಯ ಮೇಲೆ ಅವಳಿಗೆ ಎಂದೂ ನಂಬಿಕೆ ಇಲ್ಲದ್ದರಿಂದ ಹುಣಿಸೆಬೀಜದ ಡಬ್ಬಿ ತಂದಿದ್ದಳು. ಒಂದೊಂದು ನಮಾನ್ ಮೊರಿಯೆಗೆ ಒಂದೊಂದು ಬೀಜ ಸೆರಗಿಗೆ ಹಾಕುತ್ತಿದ್ದಳು. ಆ ಸಂಜೆ ಮಟಿಲ್ಡಾಳ ರಜೆ. ಅವಳ ಧ್ವನಿಯೂ ಕೇಳುತ್ತಿತ್ತು.

ಮೊದಲ ಕಟ್ಟು ಸರಿ. ಎರಡನೆಯದೂ ಸರಿ. ಮೂರನೆಯದು ಬಂದಾಗ ಉಮಾವತಿ ನನ್ನ ಮೊಣಕೈ ಹಿಡಿದಳು. ಅದೂ ದಾಟಿತು. ಆಗ ನನಗೊಂದು ವಿಚಿತ್ರ ಸಂಕಟ. ಸರಿಯಾಗಲಿ ಎಂದು ಹಾರೈಸಿದರೆ ಅವನು ನಾಳೆ ರಿಂಗು ಹತ್ತುತ್ತಾನೆ. ತಪ್ಪಲಿ ಎಂದು ಹಾರೈಸಿದರೆ ಅವನ ತಲೆ ಕೆಟ್ಟಿರಲಿ ಎಂದು ಹಾರೈಸಿದಂತೆ. ಯಾವ ದೇವರಲ್ಲಿ ಏನು ಕೇಳುವುದೆಂದು ತಿಳಿಯದೆ ನಾನು ಸುಮ್ಮನೆ ಬೆವತೆ.

ಐದೂ ಕಟ್ಟು ಮುಗಿಯಿತು. ನಾಮಾವಳಿಯೂ ಒಂದು ಹೆಸರು ತಪ್ಪದೆ ಮುಗಿಯಿತು. ಉಮಾವತಿ ಬೀಜ ಎಣಿಸಿ, "ಸರಿ ಉಂಟು" ಎಂದು ಪಿಸುಗುಟ್ಟಿದಳು. ಆಚೆ ಮನೆಯಲ್ಲಿ ಆಗ್ನೆಸ್‌ಬಾಯಿ ನರಳುತ್ತ ಏಳುವ ಸದ್ದು.

ಆಗ ಜೊಕಿಮನ ಧ್ವನಿ ಕೇಳಿಸಿತು. ಶಾಂತವಾಗಿತ್ತು, ಸ್ಪಷ್ಟವಾಗಿತ್ತು. "ಬಾಪಾಚ್ಯಾ, ಆನಿ ಪುತಾಚ್ಯಾ..."

ಅದು ತೇರ್ಸಿನ ಮೊತ್ತಮೊದಲ ಮಾತು. ಅವನು ಬುಡದಿಂದ ಸುರುಮಾಡಿದ್ದ.

ಮುದುಕಿ ಪುನಃ ಮೊಣಕಾಲೂರಿರಬೇಕು. ಅವಳ ಉತ್ತರ ಬಂತು. ಮಟಿಲ್ಡಾಳದ್ದು ಬರಲಿಲ್ಲ. ಉಮಾವತಿಯ ಕೈಯಲ್ಲಿದ್ದ ಬೀಜಗಳು ಕಲ್ಲಿನ ಮೇಲೆ ಚೆಲ್ಲಿದವು. ಮೊದಲ ಕಟ್ಟು ಅರ್ಧಕ್ಕೆ ಬಂದಾಗ, ಹೇಳಿಸುವವನನ್ನು ಯಾರೂ ಎಂದೂ ತಡೆಯದ ಆ ಮನೆಯಲ್ಲಿ, ಮಟಿಲ್ಡಾ ತಡೆದಳು.

"ಪುರೊ, ಜೊಕಿಮ್."

ಸಾಕು ಎಂದು ಅರ್ಥ. ಅಷ್ಟು ಕೊಂಕಣಿ ನನಗೂ ಬರುತ್ತದೆ.

ಸ್ವಲ್ಪ ಹೊತ್ತಿನಲ್ಲಿ ಜೊಕಿಮ್ ಗೋಡೆಗೆ ಬಂದ. ಹಿಂದೆ ಬಾಗಿಲಲ್ಲಿ ಮಟಿಲ್ಡಾ ನಿಂತಿದ್ದಳು. ಅವಳಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ.

"ಎಲ್ಲಿ ತಪ್ಪಿತು?"

"ಎಲ್ಲಿಯೂ ತಪ್ಪಲಿಲ್ಲ."

"ಮತ್ತೆ ಅವಳು ಯಾಕೆ ನಿಲ್ಲಿಸಿದ್ದು?"

ಜೀವಮಾನವಿಡೀ ಏನಾದರೊಂದು ತಮಾಷೆ ಹೇಳಿ ಪಾರಾದವನು ನಾನು. ಆ ಹೊತ್ತಿಗೆ ಒಂದೂ ಒದಗಲಿಲ್ಲ. "ಅದು ಮುಗಿದಿತ್ತು ಜೊಕಿಮ್. ಪೂರ್ತಿ ಮುಗಿದಿತ್ತು. ನೀನು ಪುನಃ ಸುರು ಮಾಡಿದ್ದು" ಎಂದೆ.

ಅವನು ತನ್ನ ಕೈಯ ಮಾಲೆಯನ್ನು ನೋಡಿದ. "ನಂಗೆ ಗೊತ್ತೇ ಆಗ್ಲಿಲ್ಲ" ಎಂದ. ಯಾರದೋ ಮನೆಯಲ್ಲಾದ ಕಳ್ಳತನದ ಸುದ್ದಿ ಹೇಳುವಂಥ ಧ್ವನಿ.

ಭಾನುವಾರ ಮಧ್ಯಾಹ್ನ ಮೈದಾನದ ಚಪ್ಪರದ ಹಿಂದೆ ರವೂಫ್ ಸಾಹೇಬರಿಗೆ ವಿಷಯ ತಿಳಿಸಿದಾಗ ಅವರು ಟೊಪ್ಪಿ ತೆಗೆದು ತಲೆ ಒರೆಸಿಕೊಂಡರು.

"ಎಂತದು ಜೊಕಿಮಣ್ಣ, ಜನ ಬಂದು ಕೂತಾಯ್ತು. ಒಂದು ರೌಂಡ್ ಆಡಿ, ಎರಡನೇದ್ರಲ್ಲಿ ಮೆಲ್ಲ ಬಿದ್ದುಬಿಡಿ. ವಾಲ್ಟರಿಗೆ ನಾನು ಹೇಳ್ತೇನೆ, ಮೆತ್ತಗೆ ಹೊಡಿ ಅಂತ."

"ಮೆತ್ತಗೆ ಬೀಳುವುದು ಹೇಗೆ, ನೀವೊಮ್ಮೆ ತೋರಿಸಿ ಸಾಹೇಬ್ರೇ" ಎಂದಳು ಮಟಿಲ್ಡಾ. ನಮ್ಮ ಓಣಿಯಲ್ಲಿ ಅವಳಿಗೆ ಸಿಟ್ಟು ಬಂದದ್ದನ್ನು ಯಾರೂ ಕಂಡಿರಲಿಲ್ಲ. ಸಾಹೇಬರು ಟೊಪ್ಪಿ ಹಾಕಿಕೊಂಡು, ಉಡುಪಿ ಕಡೆಯ ಇನ್ನೊಬ್ಬ ಬಾಕ್ಸರನನ್ನು ವಾಲ್ಟರಿಗೆ ಎದುರು ನಿಲ್ಲಿಸಲು ಒಪ್ಪಿದರು. ಆದರೆ ಜನರಿಗೆ ಜೊಕಿಮನೇ ಹೇಳಬೇಕು.

ಅವನು ಪ್ಯಾಂಟು, ಷರ್ಟಿನಲ್ಲಿ ರಿಂಗು ಹತ್ತಿದ. ಚಡ್ಡಿಯಿಲ್ಲದ ಬಾಕ್ಸರನನ್ನು ಕಂಡು ಚಪ್ಪರದ ಜನ ಕತ್ತು ಉದ್ದ ಮಾಡಿದರು. "ನಾನು ಇವತ್ತು ಆಡುದಿಲ್ಲ. ಇನ್ನು ಯಾವತ್ತೂ ಆಡುದಿಲ್ಲ" ಎಂದ ಮೈಕಿನಲ್ಲಿ. ಹಿಂದಿನ ಸಾಲಿನಿಂದ ಸಿಳ್ಳು ಬಂತು. "ಪೋಡಿಗೆಯಾ?" ಎಂದು ಒಬ್ಬ ಕೂಗಿದ. "ಬಳೆ ಬೇಕಾ ಜೊಕಿಮಣ್ಣ?" ಎಂದು ಇನ್ನೊಬ್ಬ. ಜೊಕಿಮ್ ಕೂಗಿದ ದಿಕ್ಕಿಗೆ ತಿರುಗಿ, ಸಭ್ಯನಾಗಿ, "ಹೌದು, ಹೆದ್ರಿಕೆ ಉಂಟು" ಎಂದ. ಜೊಕಿಮ್ ಇಳಿದು ಬಂದು ನನ್ನ ಮೇಜಿನ ಪಕ್ಕದ ಬೆಂಚಿನಲ್ಲಿ ಕೂತ.

ವಾಲ್ಟರ್ ಗ್ಲೌಸು ಕಟ್ಟಿಸಿಕೊಳ್ಳುತ್ತಿದ್ದವನು ಹಾಗೆಯೇ ಎದ್ದು ಬಂದ. ಚಂದದ ಹುಡುಗ, ಮೂಗು ಇನ್ನೂ ನೆಟ್ಟಗಿತ್ತು. ಚಪ್ಪರದ ಹಿಂದೆ ನಾವು ಆಡಿದ ಮರೆವಿನ ಮಾತು ಅವನ ಕಿವಿಗೂ ಬಿದ್ದಿತ್ತು. ಬಗ್ಗಿ, ಬೇರೆ ಯಾರಿಗೂ ಕೇಳಿಸದು ಎಂದುಕೊಂಡು, ಆದರೆ ನನಗೆ ಕೇಳಿಸುವಷ್ಟು ಮೆಲ್ಲಗೆ, ಜೊಕಿಮನನ್ನು ಕೇಳಿದ.

"ಅಣ್ಣಾ, ಮೊದ್ಲು ನೀವು ಮರ್ತದ್ದು ಎಂತ?"

ಜೊಕಿಮ್ ಯೋಚಿಸಿದ. ಹಣೆ ಗಂಟಿಕ್ಕಿ ನಿಜವಾಗಿಯೂ ಹುಡುಕಿದ.

"ಅದೇ ನೆನಪಾಗುದಿಲ್ಲ ಮಾರಾಯ."

ವಾಲ್ಟರ್ ನಗಲು ನೋಡಿದ. ನಾನು ನಗಬಹುದೆಂದು ನನ್ನ ಮುಖ ನೋಡಿದ. ಆಮೇಲೆ ಅವನ ಸರದಿ ಕರೆದರು.

ಆ ಪಂದ್ಯದ ಬಗ್ಗೆ ಕೇಳಿದರೆ ನನಗೆ ಹೇಳಲು ಹೆಚ್ಚೇನಿಲ್ಲ. ನಾನು ಗಡಿಯಾರವನ್ನೇ ನೋಡುತ್ತಿದ್ದೆ. ಜೊಕಿಮ್ ನೆಲವನ್ನೇ ನೋಡುತ್ತಿದ್ದ. ಮೇಲೆ ರಿಂಗಿನಲ್ಲಿ ಪೆಟ್ಟು ಬಿದ್ದಾಗಲೆಲ್ಲ ಅವನ ಹೆಗಲು ಸಣ್ಣಗೆ ಹಾರುತ್ತಿತ್ತು. ಮನೆಗೆ ಹೋಗುವ ಎಂದು ಮಟಿಲ್ಡಾ ತೋಳು ಹಿಡಿದಾಗ, "ಸ್ವಲ್ಪ ತಡಿ, ಅವ ಇಳಿಯಲಿ" ಎಂದ.

ವಾಲ್ಟರ್ ಗೆದ್ದ. ಹುಬ್ಬು ಒಡೆದಿತ್ತು, ಒಂದೆರಡು ಪೆಟ್ಟು ತಲೆಗೂ ಸರಿಯಾಗಿಯೇ ಬಿದ್ದಿದ್ದವು. ಕೊರಳಿಗೆ ಹಾರ ಹಾಕಿಸಿಕೊಂಡು ಕೆಳಗೆ ಬಂದಾಗ ಜೊಕಿಮ್ ಎದ್ದು ಅವನೆದುರು ನಿಂತ. ಕೈ ಕುಲುಕುತ್ತಾನೆಂದು ಎಲ್ಲರೂ ಅಂದುಕೊಂಡರು.

"ನಿನ್ನ ಅಮ್ಮನ ಹೆಸರೆಂತ?" ಎಂದು ಕೇಳಿದ.

ವಾಲ್ಟರ್ ಏದುಸಿರಿನಲ್ಲೇ ನಕ್ಕು, "ಎವ್ಲಿನ್" ಎಂದ.

ಜೊಕಿಮ್ ತಲೆಯಾಡಿಸಿ ಮಟಿಲ್ಡಾಳ ಜತೆ ಹೊರಟ. ನಾನು ಮೇಜಿನ ಬಳಿಯೇ ಉಳಿದೆ. ಹುಡುಗ ಕೂಡಲೇ ಹೇಳಿದ್ದ, ಅದರಲ್ಲಿ ಸಂಶಯವಿಲ್ಲ. ಆದರೆ ಹೇಳುವ ಮೊದಲು ಅವನ ಕಣ್ಣು ಒಂದು ಸಲ ಪಕ್ಕಕ್ಕೆ, ಯಾರನ್ನೋ ಕೇಳುವಂತೆ, ಹೋಗಿ ಬಂತೋ ಇಲ್ಲವೋ, ಅದನ್ನು ಮಾತ್ರ ನಾನು ಇಂದಿಗೂ ಖಚಿತವಾಗಿ ಹೇಳಲಾರೆ.